ಅಪ್ಪನ ತುಂಬುತೋಳಿನ ಅಂಗಿ

ಇಲಿಯ ಬೆನ್ನಿನ ಕೂದಲು ತೆಗೆದು ಅಲ್ಲಿ 62.5 ಮಿಲಿಗ್ರಾಂ ಕ್ರೀಮ್ ಹಚ್ಚಬೇಕು. ದಿನಕ್ಕೊಂದು ಸಲ, ಐದಾರು ದಿನ. ಎರಡು ಮೂರು ದಿನಕ್ಕೆ ಚರ್ಮ ಕೆಂಪಾಗುತ್ತದೆ, ಆಮೇಲೆ ದಪ್ಪವಾಗುತ್ತದೆ, ಬಿಳಿ ಹೊಟ್ಟು ಏಳುತ್ತದೆ. ಕೆಂಪಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ದಪ್ಪಕ್ಕೆ ಬೇರೆ, ಹೊಟ್ಟಿಗೆ ಬೇರೆ. ಪಿಎಚ್‌ಡಿಯ ಎರಡನೇ ವರ್ಷದಲ್ಲಿ ಈ ಪ್ರಯೋಗವನ್ನು ಮೊದಲ ಸಲ ನಾನೇ ಮಾಡಿದೆ. ಐದನೇ ದಿನ ಬೆಳಿಗ್ಗೆ ಪಂಜರ ತೆಗೆದು ನೋಡಿದರೆ, ಆ ಹೊಟ್ಟು ನನಗೆ ಹೊಸದಾಗಿರಲಿಲ್ಲ. ಅಪ್ಪನ ಖಾಕಿ ಅಂಗಿಯ ಹೆಗಲ ಮೇಲೆ ದಿನಾ ಸಂಜೆ ಅದೇ ಬಿದ್ದಿರುತ್ತಿತ್ತು.

ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. ಮೊಣಕೈ, ಮೊಣಕಾಲು, ತಲೆ, ಆಮೇಲಾಮೇಲೆ ಅಂಗೈ ಹಿಂಭಾಗದಲ್ಲೂ ಸೋರಿಯಾಸಿಸ್. ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿಯೇ ಇರಬೇಕು. ರಜೆಯಲ್ಲಿ ಅವರ ಬಸ್ಸಿನಲ್ಲೇ ಅಜ್ಜಿ ಊರಿಗೆ ಹೋಗುವಾಗ ನಾನು ಒಂದು ವಿಷಯ ಗಮನಿಸಿದ್ದೆ. ಕೆಲವರು ಚಿಲ್ಲರೆಯನ್ನು ಅಪ್ಪನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಸೀಟಿನ ಮೇಲೆ ಇಡಿ ಅನ್ನುವಂತೆ ಕಣ್ಣಲ್ಲೇ ತೋರಿಸುತ್ತಿದ್ದರು. ಅಪ್ಪ ಇಟ್ಟು ಮುಂದೆ ಹೋಗುತ್ತಿದ್ದರು. ಊರಲ್ಲಿ ಅದನ್ನು ಒಬ್ಬರು ಇಸುಬು ಅಂದರು, ಒಬ್ಬರು ಸರ್ಪದೋಷ ಅಂದರು. ಅಮ್ಮ ಎರಡು ಸಲ ಕುಕ್ಕೆಗೆ ಕರೆದುಕೊಂಡು ಹೋದಳು. ಅಂಟುರೋಗ ಅಲ್ಲ ಎಂದು ಯಾರೂ ನಮಗೂ ಹೇಳಿರಲಿಲ್ಲ. ನಾನೂ ಚಿಕ್ಕವಳಿದ್ದಾಗ ಅಪ್ಪನ ಟವೆಲ್ ಮುಟ್ಟುತ್ತಿರಲಿಲ್ಲ. ಅದನ್ನು ಇವತ್ತಿಗೂ ಅವರಿಗೆ ಹೇಳಿಲ್ಲ. ಅವರಿಗೆ ಗೊತ್ತಿರುತ್ತದೆ.

ಈಗ ಕಾರಣ ಕೇಳಿದರೆ ಹೇಳಬಲ್ಲೆ. ಚರ್ಮದ ಮೇಲ್ಪದರದ ಜೀವಕೋಶಗಳು ಅಡಿಯಲ್ಲಿ ಹುಟ್ಟಿ, ಮೇಲೆ ಬಂದು, ಕಣ್ಣಿಗೆ ಕಾಣದಂತೆ ಉದುರಿಹೋಗಲು ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್‌ನಲ್ಲಿ ಇಷ್ಟೂ ಕೆಲಸ ಒಂದು ವಾರದೊಳಗೆ ಮುಗಿಯುತ್ತದೆ. ಬಲಿಯದ ಕೋಶಗಳೇ ಮೇಲೆ ಬಂದು ಪದರ ಪದರವಾಗಿ ಕೂರುತ್ತವೆ. ಅವಸರ ಚರ್ಮದ್ದಲ್ಲ, ಅದಕ್ಕೆ ಅಪ್ಪಣೆ ಕೊಡುವ ರೋಗನಿರೋಧಕ ಕೋಶಗಳದ್ದು. ಇಂಟರ್‌ಲ್ಯೂಕಿನ್ 23 ಎಂಬ ಪ್ರೋಟೀನು ಕೆಲವು ಟಿ ಕೋಶಗಳನ್ನು ಹುರಿದುಂಬಿಸುತ್ತದೆ, ಅವು ಇಂಟರ್‌ಲ್ಯೂಕಿನ್ 17 ಎಂಬ ಇನ್ನೊಂದನ್ನು ಸುರಿಸುತ್ತವೆ, ಅದನ್ನು ಕೇಳಿಸಿಕೊಂಡ ಚರ್ಮ ಇಲ್ಲದ ಗಾಯವನ್ನು ಮುಚ್ಚಲು ಹೊರಡುತ್ತದೆ. ಜೊತೆಗೆ ಇನ್ನಷ್ಟು ಕೋಶಗಳನ್ನು ಕೂಗಿ ಕರೆಯುತ್ತದೆ. ಒಮ್ಮೆ ಶುರುವಾದರೆ ಒಂದು ಇನ್ನೊಂದನ್ನು ಕೆಣಕುತ್ತಲೇ ಇರುತ್ತದೆ.

ನಮ್ಮ ಲ್ಯಾಬಿನ ಒಂದು ಕಡೆ ಚರ್ಮದ ಕ್ಯಾನ್ಸರಿನ ಕೆಲಸ, ಇನ್ನೊಂದು ಕಡೆ ಇಂಥ ಉರಿಯೂತದ ಕಾಯಿಲೆಗಳ ಕೆಲಸ. ಇವೆರಡಕ್ಕೂ ಏನು ಸಂಬಂಧ ಎಂದು ಮೊದಮೊದಲು ನನಗೂ ಅನ್ನಿಸುತ್ತಿತ್ತು. ಉತ್ತರ ಆ ಕ್ರೀಮಿನಲ್ಲೇ ಇತ್ತು. ಅದರ ಹೆಸರು ಇಮಿಕ್ವಿಮಾಡ್. ಬೇಸಲ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರು ಮೇಲ್ಮಟ್ಟದಲ್ಲಿದ್ದರೆ ಹಚ್ಚಲು ಕೊಡುವ ಮುಲಾಮು ಅದು. ಗಡ್ಡೆಯನ್ನು ನೇರವಾಗಿ ಸುಡುವುದಕ್ಕಿಂತ ಹೆಚ್ಚಾಗಿ, ಅಲ್ಲಿ ತೂಕಡಿಸುತ್ತಿರುವ ರೋಗನಿರೋಧಕ ಕೋಶಗಳನ್ನು ಎಬ್ಬಿಸುತ್ತದೆ. ಆದರೆ ಹಾಗೆ ಹಚ್ಚಿಕೊಂಡ ಕೆಲವರಲ್ಲಿ ಸೋರಿಯಾಸಿಸ್ ಕೆರಳಿತು. ಅದನ್ನು ಗಮನಿಸಿದ ವೈದ್ಯರು ಬರೆದಿಟ್ಟರು. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮಿನ ತಂಡವೊಂದು ಅದೇ ಕ್ರೀಮನ್ನು ಇಲಿಗಳಿಗೆ ಹಚ್ಚಿ, ಅಲ್ಲಿ ಏಳುವ ಉರಿಯೂತ ಇದೇ 23 ಮತ್ತು 17ರ ದಾರಿಯಲ್ಲೇ ನಡೆಯುತ್ತದೆ ಎಂದು ತೋರಿಸಿತು. ಒಬ್ಬರಿಗೆ ಮದ್ದು ಮಾಡುವ ಬೆಂಕಿಯೇ ಇನ್ನೊಬ್ಬರಿಗೆ ಕಾಯಿಲೆ.

ನಾವು ತಟ್ಟೆಯಲ್ಲಿ ಬೆಳೆಸುವ ಹ್ಯಾಕ್ಯಾಟ್ ಕೋಶಗಳದ್ದೂ ಇಂಥದ್ದೇ ಕತೆ. ಅವು ಮೆಲನೋಮಾ ಇದ್ದ 62 ವರ್ಷದ ಒಬ್ಬ ಮನುಷ್ಯನ ಚರ್ಮದವು. ಗಡ್ಡೆಯಿಂದಲ್ಲ, ಅದರ ಅಂಚಿನಾಚೆಗಿನ ನೋಡಲು ಸರಿಯಾಗಿದ್ದ ಚರ್ಮದಿಂದ ತೆಗೆದವು. 1988ರಲ್ಲಿ ಜರ್ಮನಿಯ ವಿಜ್ಞಾನಿಗಳು ಅವುಗಳ ಬಗ್ಗೆ ಬರೆದರು. ಅವು ಇಂದಿಗೂ ಒಡೆದು ಎರಡಾಗುತ್ತಲೇ ಇವೆ. ನನ್ನ ಸೋರಿಯಾಸಿಸ್ ಪ್ರಯೋಗಗಳಲ್ಲಿ ಅರ್ಧದಷ್ಟು ಆ ಹೆಸರು ಗೊತ್ತಿಲ್ಲದ ಮನುಷ್ಯನ ಚರ್ಮದ ಮೇಲೆಯೇ ನಡೆದಿವೆ.

ಅಪ್ಪನ ಕತೆಯಲ್ಲೂ ಕ್ಯಾನ್ಸರ್ ಒಮ್ಮೆ ಬಂದುಹೋಯಿತು. ನಾನಾಗ ಎಂಎಸ್ಸಿ ಓದುತ್ತಿದ್ದೆ. ಹೊಸ ಡಾಕ್ಟರು ವಾರಕ್ಕೊಂದು ಮೆಥೋಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟಿದ್ದರು. ಔಷಧಿ ಅಂಗಡಿಯವನು ಚೀಟಿ ನೋಡಿ, 'ಯಜಮಾನ್ರೇ, ಇದು ಕ್ಯಾನ್ಸರ್ ಮಾತ್ರೆ, ಯಾರಿಗೆ?' ಅಂದನಂತೆ. ಅಪ್ಪ 'ನಮ್ಮ ಕಡೆಯವರಿಗೆ' ಅಂದು ಕೊಂಡು ತಂದರು. ಯಾರಿಗೂ ಹೇಳಲಿಲ್ಲ. ಆ ನಾಲ್ಕು ತಿಂಗಳಲ್ಲಿ ಸೊಸೈಟಿ ಸಾಲ ತೀರಿಸಿದರು, ಪಾಸ್‌ಬುಕ್ಕು, ವಿಮೆಯ ಬಾಂಡು ಎಲ್ಲಾ ಒಂದು ಕವರಿಗೆ ಹಾಕಿ ಬೀರುವಿನಲ್ಲಿ ಎಲ್ಲಿದೆ ಎಂದು ಅಮ್ಮನಿಗೆ ತೋರಿಸಿದರು. ಒಂದು ಭಾನುವಾರ ರಾತ್ರಿ ನನಗೆ ಫೋನ್ ಮಾಡಿ, 'ಪುಟ್ಟೀ, ನೀನು ಓದಿದೋಳು. ಮುಚ್ಚಿಡಬೇಡ. ನಂಗಿನ್ನು ಎಷ್ಟು ದಿನ?' ಅಂದರು.

ವಿಷಯ ತಿಳಿದಾಗ ನನಗೆ ಮೊದಲು ನಗು ಬಂತು. ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅದು ಕ್ಯಾನ್ಸರಿಗೂ ಕೊಡುವ ಮಾತ್ರೆಯೇ. ಅಲ್ಲಿ ದೊಡ್ಡ ಪ್ರಮಾಣ, ಇಲ್ಲಿ ವಾರಕ್ಕೊಮ್ಮೆ ಸಣ್ಣ ಪ್ರಮಾಣ. ಇಲ್ಲಿ ಅದರ ಮುಖ್ಯ ಕೆಲಸ ಕೆರಳಿದ ರೋಗನಿರೋಧಕ ಕೋಶಗಳನ್ನು ಸುಮ್ಮನಿರಿಸುವುದು. 'ಕ್ಯಾನ್ಸರ್ ಇಲ್ಲ ಕಣಪ್ಪಾ. ವಾರಕ್ಕೊಂದೇ ಸಲ ತಗೋ, ಮರೆತು ದಿನಾ ನುಂಗಿಬಿಟ್ಟರೆ ಅಪಾಯ' ಎಂದು ನಾಲ್ಕು ಸಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ಸಾಲ ಅಷ್ಟು ಬೇಗ ತೀರಿಸೋದು ಬೇಕಿರಲಿಲ್ಲ' ಅಂದರು.

ಪಿಎಚ್‌ಡಿಗೆ ಈ ವಿಷಯ ಆರಿಸಿಕೊಂಡಿದ್ದು ಆ ಫೋನಿನಿಂದಲೇ ಎಂದು ಸಂದರ್ಶನದಲ್ಲಿ ಹೇಳಲಿಲ್ಲ. ಪುಸ್ತಕಗಳಲ್ಲಿ ಸೋರಿಯಾಸಿಸ್ ಎಂದರೆ ಬಿಳಿ ಮೈಮೇಲಿನ ಕೆಂಪು ಮಚ್ಚೆ. ಅಪ್ಪನ ಮಚ್ಚೆಗಳು ಎಂದೂ ಕೆಂಪಗಿರಲಿಲ್ಲ. ನಮ್ಮ ಬಣ್ಣದ ಚರ್ಮದಲ್ಲಿ ಅದು ನೇರಳೆ, ಕಂದು, ಬೂದಿಯಂತೆ ಕಾಣುತ್ತದೆ. ನಮಗೆ ಚರ್ಮದ ಕ್ಯಾನ್ಸರು ಕಡಿಮೆ ಎನ್ನುವುದು ನಿಜ, ಮೆಲನಿನ್ ಬಿಸಿಲನ್ನು ತಡೆಯುತ್ತದೆ. ಆದರೆ ಬಂದಾಗ ಮೆಲನೋಮಾ ಹಲವು ಸಲ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ ಬರುತ್ತದೆ. ಬರಿಗಾಲಲ್ಲಿ ನಡೆದ ಗಾಯ ಅಂದುಕೊಂಡು ಜನ ಸುಮ್ಮನಾಗುತ್ತಾರೆ. ಇಲಿಯ ಬೆನ್ನಿಗೆ ನಾನು ಕೊಡುವ 'ಕೆಂಪು' ಅಂಕವನ್ನು ಅಪ್ಪನ ಮೊಣಕೈಗೆ ಕೊಡಲು ಹೋದರೆ ಸೊನ್ನೆಯೋ ಒಂದೋ ಬರುತ್ತಿತ್ತೇನೋ.

ಕಳೆದ ದೀಪಾವಳಿಗೆ ಹೋದಾಗ ಅಪ್ಪನಿಗೆ ಇಲಿಗಳ ಬಗ್ಗೆ ಹೇಳಿದೆ. ನಿವೃತ್ತರಾದ ಮೇಲೆ ಮನೆಯಲ್ಲಿ ಅರೆತೋಳಿನ ಬನಿಯನ್ ಹಾಕುತ್ತಾರೆ. ಮಾತ್ರೆಯಿಂದ ಬಹಳಷ್ಟು ಕಡಿಮೆಯಾಗಿದೆ. ಇಂಟರ್‌ಲ್ಯೂಕಿನ್ 17ನ್ನೇ ಹಿಡಿದು ನಿಲ್ಲಿಸುವ ಇಂಜೆಕ್ಷನ್‌ಗಳು 2015ರಿಂದ ಬಂದಿವೆ, ಆದರೆ ಅವುಗಳ ಬೆಲೆ ನಮ್ಮ ಮನೆಗೆ ನಿಲುಕುವಂಥದ್ದಲ್ಲ. ಅಪ್ಪ ಎಲ್ಲಾ ಕೇಳಿಸಿಕೊಂಡು, 'ಕ್ರೀಮ್ ಹಚ್ಚೋದು ಬಿಟ್ಟರೆ ಅವಕ್ಕೆ ವಾಸಿಯಾಗುತ್ತಾ?' ಅಂದರು.

ಆಗುತ್ತದೆ. ಬಿಟ್ಟರೆ ಇಲಿಯ ಚರ್ಮ ತಾನಾಗಿಯೇ ಸರಿಹೋಗುತ್ತದೆ. ಅದೇ ಈ ಪ್ರಯೋಗದ ದೊಡ್ಡ ಕೊರತೆ ಕೂಡ. ಮನುಷ್ಯರಲ್ಲಿ ಮಚ್ಚೆ ಮಾಯವಾದ ಮೇಲೂ ಕೆಲವು ಟಿ ಕೋಶಗಳು ಅಲ್ಲೇ ಉಳಿದು, ಹಳೆಯ ಜಾಗವನ್ನು ನೆನಪಿಟ್ಟುಕೊಂಡಿರುತ್ತವೆ. ಮದ್ದು ನಿಲ್ಲಿಸಿದರೆ ಕಾಯಿಲೆ ಅದೇ ಜಾಗಕ್ಕೆ ಮರಳುತ್ತದೆ. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಈ ಕೋಶಗಳ ಕುರಿತೇ. ಇದೆಲ್ಲ ಹೇಳಿದೆ. ಆದರೆ ವಾಸಿಯಾಗುವವರೆಗೆ ನಾವು ಕಾಯುವುದಿಲ್ಲ, ಆರನೇ ದಿನವೇ ಅವುಗಳನ್ನು ಕೊಂದು ಚರ್ಮ ತೆಗೆಯುತ್ತೇವೆ ಎನ್ನುವುದನ್ನು ಹೇಳಲಾಗಲಿಲ್ಲ. 'ಆಗುತ್ತಪ್ಪಾ' ಅಂದೆ, ಅಷ್ಟೇ.

'ಸದ್ಯ' ಅಂದರು. ಮೊಣಕೈಯಲ್ಲಿ ಮಚ್ಚೆಯಿದ್ದ ಜಾಗವನ್ನು ಒಮ್ಮೆ ಸವರಿಕೊಂಡು ಒಳಗೆ ಹೋದರು.