ಅಂಡನಾಳದ ಅರ್ಬುದ

ಇಟಲಿ ದೇಶದ ಪಾದುವಾ ವಿದ್ಯಾಪೀಠದಲ್ಲಿ ಶರೀರಶಾಸ್ತ್ರವನ್ನು ಬೋಧಿಸುತ್ತಿದ್ದ ಗೇಬ್ರಿಯೆಲ್ ಫಲೋಪಿಯೊ ಎಂಬ ಪಂಡಿತನು, 1561ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗರ್ಭಾಶಯದ ಎರಡು ಪಾರ್ಶ್ವಗಳಿಂದ ಹೊರಡುವ ನಾಳಗಳನ್ನು ವರ್ಣಿಸಿ, ಅವುಗಳ ತುದಿಯು ಕಹಳೆಯ ಬಾಯಿಯಂತಿರುವುದರಿಂದ ಅವಕ್ಕೆ ಕಹಳೆಯ ಹೆಸರನ್ನೇ ಇಟ್ಟನು. ಮರುವರ್ಷವೇ ಆತನು ಕಾಲವಾದನು. ನಾಳಗಳಿಗೆ ಆತನ ಹೆಸರು ನಿಂತಿತು. ಕನ್ನಡದಲ್ಲಿ ಅವುಗಳನ್ನು ಅಂಡನಾಳಗಳೆನ್ನುವರು.

ಸುಮಾರು ನಾಲ್ಕು ಅಂಗುಲ ಉದ್ದದ ಈ ಸಣ್ಣ ನಾಳದಲ್ಲಿ ಹುಟ್ಟುವ ಅರ್ಬುದವು ಬಹು ವಿರಳವೆಂದು ವೈದ್ಯರು ಬಹುಕಾಲ ನಂಬಿದ್ದರು. ಅರ್ಬುದವು ದುಂಡಗೆ, ಸ್ಥಿರವಾಗಿ, ಮಂದವಾದ ನೋವಿನಿಂದ ಕೂಡಿ, ಆಳವಾಗಿ ಬೇರೂರಿ ಬೆಳೆಯುವುದೆಂದು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಹೇಳಿದೆ. ಆ ಮಂದವೇದನೆಯೇ ಇಲ್ಲಿ ದೊಡ್ಡ ಅಪಾಯ. ತೀವ್ರವಾಗಿ ನೋಯುವುದನ್ನು ಯಾರೂ ಮುಚ್ಚಿಡಲಾರರು. ಸ್ವಲ್ಪವೇ ನೋಯುವುದನ್ನು ಗೃಹಿಣಿಯು ವರ್ಷಗಟ್ಟಲೆ ಮುಚ್ಚಿಡುವಳು.

ಲಕ್ಷಣಗಳು ಇಲ್ಲವೆಂದಲ್ಲ. ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ನೀರಿನಂತಹ, ಇಲ್ಲವೆ ರಕ್ತಮಿಶ್ರಿತವಾದ ಸ್ರಾವ. ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಹಿಂಡಿದಂತೆ ನೋವು. ಕೈಗೆ ಸಿಕ್ಕುವ ಗಂಟು. ಕೆಲವರಲ್ಲಿ ನಾಳವು ದ್ರವದಿಂದ ತುಂಬಿ ನೋವು ಏರುವುದು. ದ್ರವವು ಒಮ್ಮೆಗೇ ಹರಿದುಹೋದೊಡನೆ ನೋವೂ ಗಂಟೂ ಇಳಿಯುವುವು. ಹೀಗೆ ಇಳಿಯುವುದನ್ನು ವಾಸಿಯೆಂದು ಭ್ರಮಿಸುವುದು ಸಹಜ. ಆದರೆ ಈ ಲಕ್ಷಣಗಳೆಲ್ಲ ಒಬ್ಬಳಲ್ಲಿಯೇ ಕೂಡಿ ಬರುವುದು ಅಪರೂಪ. ಗರ್ಭಾಶಯದ ಒಳಪೊರೆಯನ್ನು ಕೆರೆದು ಪರೀಕ್ಷಿಸಿ, ದೋಷವೇನೂ ಇಲ್ಲವೆಂದು ತಿಳಿದಾಗ ರೋಗಿಯೂ ಬಂಧುಗಳೂ ಸಂತೋಷಪಡುವರು. ಸಂತೋಷಪಡತಕ್ಕ ಕಾಲ ಅದಲ್ಲ. ಗರ್ಭಾಶಯವು ಶುದ್ಧವಾಗಿದ್ದೂ ಸ್ರಾವವು ನಿಲ್ಲದಿದ್ದರೆ, ಅದು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಯು ಉಳಿದೇ ಇರುವುದು. ಅಂಡಾಶಯದ ಗಂಟೆಂದು ಉದರವನ್ನು ತೆರೆದ ಮೇಲೆಯೇ ಶಸ್ತ್ರವೈದ್ಯರು ನಿಜವನ್ನು ಕಂಡ ಸಂದರ್ಭಗಳೇ ಹೆಚ್ಚು.

ವಿರಳವೆಂಬ ಮಾತೂ ಈಗ ಸಂದೇಹಾಸ್ಪದವಾಗಿದೆ. ತೆಗೆದ ಅಂಡನಾಳದಿಂದ ಒಂದೆರಡು ತುಂಡುಗಳನ್ನು ಮಾತ್ರ ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಿಂದಿನ ಪದ್ಧತಿಯಾಗಿತ್ತು. 2001ರಲ್ಲಿ ಹಾಲೆಂಡಿನ ವೈದ್ಯರು, ಕುಲಾನುಗತವಾಗಿ ಅಂಡಾಶಯದ ಕ್ಯಾನ್ಸರಿನ ಭಯವಿದ್ದ ಸ್ತ್ರೀಯರಿಂದ ಮುಂಜಾಗ್ರತೆಗಾಗಿ ತೆಗೆದ ನಾಳಗಳನ್ನು ಪರೀಕ್ಷಿಸಿ, ಅವುಗಳಲ್ಲಿಯೇ ವಿಕಾರಗೊಂಡ ಜೀವಕೋಶಗಳನ್ನು ಕಂಡರು. ಬಳಿಕ ಬೋಸ್ಟನ್ ನಗರದ ರೋಗಶಾಸ್ತ್ರಜ್ಞರು ನಾಳದ ಕುಚ್ಚಿನಂತಹ ತುದಿಯನ್ನು ಉದ್ದುದ್ದವಾಗಿ, ಉಳಿದುದನ್ನು ಎರಡು ಮೂರು ಮಿಲಿಮೀಟರಿಗೊಂದರಂತೆ ಅಡ್ಡಡ್ಡವಾಗಿ ಕತ್ತರಿಸಿ, ಪೂರ್ತಿಯಾಗಿ ನೋಡುವ ಕ್ರಮವನ್ನು ತಂದರು. ಅಂಡಾಶಯದ್ದೆಂದು ಬರೆದಿಟ್ಟಿದ್ದ ರೋಗದಲ್ಲಿ ಬಹುಭಾಗವು ಈ ತುದಿಯಲ್ಲಿಯೇ ಮೊಳೆಯುವುದೆಂದು ಇದರಿಂದ ತೋರಿಬಂದಿತು. ಹುಡುಕದೆ ಇದ್ದುದರಿಂದ ಸಿಕ್ಕಿರಲಿಲ್ಲ, ಅಷ್ಟೆ! 2014ರಲ್ಲಿ ಅಂತರರಾಷ್ಟ್ರೀಯ ಸ್ತ್ರೀರೋಗ ಹಾಗೂ ಪ್ರಸೂತಿ ಒಕ್ಕೂಟವು ಅಂಡಾಶಯ, ಅಂಡನಾಳ, ಉದರದ ಪೊರೆ ಈ ಮೂರರ ಅರ್ಬುದಕ್ಕೂ ಒಂದೇ ಹಂತಕ್ರಮವನ್ನು ಪ್ರಕಟಿಸಿತು.

ಆರೋಗ್ಯವಂತರಲ್ಲಿ ಇದನ್ನು ಮೊದಲೇ ಹಿಡಿಯುವ ಸುಲಭೋಪಾಯ ಸಿಕ್ಕಿಲ್ಲ. ಇಂಗ್ಲೆಂಡ್ ಮೊದಲಾದೆಡೆ ಎರಡು ಲಕ್ಷಕ್ಕೂ ಹೆಚ್ಚು ಸ್ತ್ರೀಯರಲ್ಲಿ ರಕ್ತಪರೀಕ್ಷೆ, ಶಬ್ದತರಂಗದ ಪರೀಕ್ಷೆಗಳ ಪ್ರಯೋಜನವನ್ನು ವರ್ಷಗಳ ಕಾಲ ಒರೆಗೆ ಹಚ್ಚಿದರೂ ಮರಣಗಳು ಕಡಮೆಯಾಗಲಿಲ್ಲವೆಂದು 2021ರಲ್ಲಿ ತಿಳಿದುಬಂದಿತು. ಆದಕಾರಣ ವೈದ್ಯರು ಮೊದಲು ಕೇಳುವುದು ವಂಶವೃತ್ತಾಂತವನ್ನು. ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ, ಸೋದರತ್ತೆ, ಇವರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಅರ್ಬುದವಿತ್ತೆ? ಗೋತ್ರಪ್ರವರಗಳನ್ನು ತಡವರಿಸದೆ ಹೇಳಬಲ್ಲ ಮನೆಗಳಲ್ಲಿಯೂ, ಅಜ್ಜಿಯು ಯಾವ ರೋಗದಿಂದ ತೀರಿಕೊಂಡಳೆಂದು ಕೇಳಿದರೆ ‘ಹೊಟ್ಟೆನೋವು’ ಎಂಬ ಉತ್ತರವೇ ದೊರೆಯುವುದು.