ಪುಶ್ ಮಾಡಿದ ಮೇಲೆ

ಜೋಯಿಡಾದ ನಮ್ಮ ಗೆಳೆಯ ಮೊದಲೆಲ್ಲ ವರದಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಸ್ಸು ಹತ್ತಿ ದಾಂಡೇಲಿಗೆ ಬರುತ್ತಿದ್ದ. ಅಲ್ಲಿ ಒಬ್ಬರು ಓದಿ, ಹಳಿಯಾಳದಲ್ಲಿ ಇನ್ನೊಬ್ಬರು ತಿದ್ದಿ, ಮುಂಡಗೋಡಿನವಳು ಪುಟ ಕಟ್ಟುವಷ್ಟರಲ್ಲಿ ಎರಡು ಮೂರು ದಿನ. ಸಾಕಾಗಿ, ಬರಹಗಳನ್ನೆಲ್ಲ ಗಿಟ್‌ಹಬ್‌ಗೆ ಹಾಕಿದೆವು.

ಅಲ್ಲಿ ಒಂದು ಸಣ್ಣ ಕಡತದಲ್ಲಿ 'ಪುಶ್ ಆದಾಗ ಇದನ್ನು ಮಾಡು' ಎಂದು ಬರೆದಿಟ್ಟರಾಯಿತು. ನಾವು ಬರಹ ಬದಲಿಸಿ ಕಳಿಸಿದ ಕೂಡಲೇ ಗಿಟ್‌ಹಬ್ ಆಕ್ಷನ್ಸ್ ಎಲ್ಲೋ ಒಂದು ಕಂಪ್ಯೂಟರನ್ನು ಎಬ್ಬಿಸಿ, ಹ್ಯೂಗೋ ಓಡಿಸಿ, ಪುಟ ಕಟ್ಟಿ ಜಾಲಕ್ಕೆ ಏರಿಸುತ್ತದೆ. ಹಿಂದೆ ಜೆಂಕಿನ್ಸ್‌ನಂಥ ತಂತ್ರಾಂಶವನ್ನು ಐದೈದು ನಿಮಿಷಕ್ಕೊಮ್ಮೆ 'ಏನಾದರೂ ಬದಲಾಯಿತೇ' ಎಂದು ಕೇಳಲು ಕೂರಿಸುತ್ತಿದ್ದರಂತೆ, ಬಸ್ ಬಂತಾ ಎಂದು ಮತ್ತೆ ಮತ್ತೆ ಸ್ಟ್ಯಾಂಡಿಗೆ ಹೋಗಿ ನೋಡಿದ ಹಾಗೆ. ಈಗ ಬಸ್ಸೇ ಮನೆ ಮುಂದೆ ಹಾರ್ನ್ ಹೊಡೆಯುತ್ತದೆ. ನಮಗೆ ಅದೇ ಖುಷಿ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಒಂದು ಊರು. ಪರಿಹಾರ ತಗೊಂಡು ಕಾಡು ಬಿಡಬೇಕೋ ಬೇಡವೋ ಎಂದು ಅಲ್ಲಿಯ ಅಜ್ಜಿಯೊಬ್ಬರಿಗೂ ಮಗನಿಗೂ ಜಗಳ. ಹೆಸರು ಹಾಕಬೇಡ ಎಂಬ ಮಾತಿನ ಮೇಲೆಯೇ ಅಜ್ಜಿ ಮಾತಾಡಿದ್ದರು. ಗೆಳೆಯ ತನ್ನ ನೆನಪಿಗೆಂದು ಕರಡಿನಲ್ಲಿ ಹೆಸರು ಬರೆದುಕೊಂಡಿದ್ದ. ಊರಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡದ ಮೇಲೆ ಎರಡು ಕಡ್ಡಿ ಸಿಕ್ಕಾಗ, ಕಳೆದುಹೋಗದಿರಲಿ ಎಂದು ಪುಶ್ ಮಾಡಿದ. ಎರಡೇ ನಿಮಿಷ, ಹಸಿರು ಟಿಕ್ ಬಿತ್ತು. ಯಂತ್ರದ ಲೆಕ್ಕದಲ್ಲಿ ಎಲ್ಲವೂ ಸರಿ. ಕಡತದ ತಲೆಯಲ್ಲಿ 'ಡ್ರಾಫ್ಟ್' ಎಂಬ ಸಾಲು ಇದ್ದಿದ್ದರೆ ಹ್ಯೂಗೋ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಅವನು ಹಾಕಿರಲಿಲ್ಲ, ನಾವು ಹೇಳಿಕೊಟ್ಟೂ ಇರಲಿಲ್ಲ.

ಸಂಜೆ ಹಳಿಯಾಳದವನ ಕಣ್ಣಿಗೆ ಬೀಳುವಷ್ಟರಲ್ಲಿ ಸ್ಕ್ರೀನ್‌ಶಾಟ್ ಮಗನ ಫೋನಿಗೆ ಹೋಗಿತ್ತು. ಪುಟ ತೆಗೆದೆವು. ಆದರೆ ಗಿಟ್ ಹಳೆಯದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಆ ಚರಿತ್ರೆಯಿಂದಲೂ ಹೆಸರು ಅಳಿಸುವಷ್ಟರಲ್ಲಿ ರಾತ್ರಿ ಒಂದಾಗಿತ್ತು.

ಈಗ ಮೇನ್ ಬ್ರಾಂಚಿಗೆ ಯಾರೂ ನೇರ ಪುಶ್ ಮಾಡುವಂತಿಲ್ಲ. ನಮ್ಮ ನಮ್ಮ ಬ್ರಾಂಚಿನಲ್ಲಿ ಬರೆಯುತ್ತೇವೆ. ಅಲ್ಲಿಯೂ ಬಿಲ್ಡ್ ತಾನಾಗಿಯೇ ಓಡುತ್ತದೆ, ಆದರೆ ಪುಟ ಮುರಿದಿದೆಯೇ ಎಂದು ನೋಡುವುದಕ್ಕಷ್ಟೇ. ಇನ್ನೊಬ್ಬರು ಓದಿ ಒಪ್ಪಿದರೆ ಮಾತ್ರ ಪ್ರಕಟಣೆ. ಬಚ್ಚಿಡಬೇಕಾದ ಹೆಸರು ನೋಟ್‌ಬುಕ್ಕಿನಲ್ಲೇ ಇರುತ್ತದೆ, ಕಡತಕ್ಕೆ ಬರುವುದೇ ಇಲ್ಲ. ಮತ್ತೆ ಒಂದೆರಡು ದಿನ ಹಿಡಿಯುತ್ತಿದೆ.

ಅಜ್ಜಿಯ ಮನೆಗೆ ನಾವಿಬ್ಬರು ಹೋಗಿ ತಪ್ಪಾಯಿತು ಅಂದೆವು. ಬೈಯಲಿಲ್ಲ, ಕಪ್ಪು ಚಹಾ ಕೊಟ್ಟರು. ಮಗ ಒಳಗಿದ್ದ, ಹೊರಗೆ ಬರಲಿಲ್ಲ. ಆಮೇಲೆ ಇನ್ನೊಂದು ವರದಿಗೆಂದು ಹೋದಾಗ ಅಜ್ಜಿ ಚಹಾ ಮಾತ್ರ ಕೊಟ್ಟರು.