ಬಿಚ್ಚಿ ಹಾಕುವ ಕಾರ್ಡು, ಕಳೆದುಹೋದ ಹನ್ನೆರಡು ದಿನ

ಅತ್ತಿಗುಂಡಿಯ ಜುಲೈ ತಿಂಗಳ ಬಗ್ಗೆ ಇಲ್ಲಿನವರಿಗೆ ಹೇಳಬೇಕಿಲ್ಲ. ಮಂಜಿನಲ್ಲಿ ಎದುರುಮನೆ ಕಾಣುವುದಿಲ್ಲ. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂಥದ್ದೊಂದು ಜುಲೈಯಲ್ಲಿ, 2022ರಲ್ಲಿ, ನಮ್ಮ ಲ್ಯಾಪ್‌ಟಾಪಿನ ಪರದೆ ಮೇಲೆ ಹಸಿರು ಗೆರೆಗಳು ಮೂಡಿದವು. ಸಂಜೆವರೆಗೆ ಗೆರೆ ಇತ್ತು. ರಾತ್ರಿ ಪೂರ್ತಿ ಕಪ್ಪಾಯಿತು.

‘ನಾವು’ ಎಂದರೆ ಇಬ್ಬರು. ಪತ್ರಿಕೋದ್ಯಮ ಡಿಪ್ಲೊಮಾ ಒಟ್ಟಿಗೆ ಓದಿದವರು. ಒಬ್ಬರು ಬರೆಯುತ್ತೇವೆ, ಇನ್ನೊಬ್ಬರು ಕ್ಯಾಮೆರಾ ಹಿಡಿಯುತ್ತೇವೆ. ಬೈಕೂ ಒಂದೇ, ಲ್ಯಾಪ್‌ಟಾಪೂ ಒಂದೇ. ಸ್ಟ್ರಿಂಗರ್‌ಗಳಾದ ನಮಗೆ ತಿಂಗಳ ಸಂಬಳ ಇಲ್ಲ. ಸುದ್ದಿ ಪ್ರಸಾರವಾದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲ್ ಖರ್ಚು ನಮ್ಮದೇ.

ಆ ಲ್ಯಾಪ್‌ಟಾಪನ್ನು 2019ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ 28 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ತಂದಿದ್ದೆವು. ಯಾವುದೋ ಕಂಪನಿ ತನ್ನ ಇಂಜಿನಿಯರುಗಳಿಗೆ ಕೊಟ್ಟು, ಅವಧಿ ಮುಗಿದ ಮೇಲೆ ಮಾರಿದ್ದ ಮಾಲು. ಇಟ್ಟಿಗೆಯಷ್ಟು ದಪ್ಪ, ಹೆಗಲ ಮೇಲೆ ಹಾಕಿಕೊಂಡು ಗುಡ್ಡ ಹತ್ತಿದರೆ ಬೆನ್ನು ಮುರಿಯುವಷ್ಟು ಭಾರ. ಆದರೆ ವಿಡಿಯೊ ಎಡಿಟಿಂಗ್ ಮಾಡಲು ಗಟ್ಟಿ.

ಗೆರೆ ಬಂದ ದಿನ ಅದರಲ್ಲಿದ್ದದ್ದು ಸಾಮಾನ್ಯ ಸುದ್ದಿಯಲ್ಲ. ಹಿಂದಿನ ರಾತ್ರಿಯ ಮಳೆಗೆ ಒಂದು ತೋಟದ ಲೈನ್ ಮನೆಗಳ ಹಿಂದೆ ಧರೆ ಕುಸಿದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಮೂರು ಸಂಸಾರ ಮಕ್ಕಳು ಮರಿ ಕಟ್ಟಿಕೊಂಡು ಕಾಫಿ ಗೋಡೌನಿಗೆ ಬಂದು ಕೂತಿದ್ದವು. ನಾವು ಹೋಗಿ ಒಂದು ಗಂಟೆ ರೆಕಾರ್ಡ್ ಮಾಡಿದೆವು. ಒಬ್ಬ ಹೆಂಗಸು ಸುಮಾರು ಇಪ್ಪತ್ತು ನಿಮಿಷ ಮಾತಾಡಿದರು. ಹೋದ ವರ್ಷವೇ ಗೋಡೆ ಬಿರುಕು ಬಿಟ್ಟದ್ದು, ರೈಟರಿಗೆ ಹೇಳಿದ್ದು, ರಾತ್ರಿ ಮಣ್ಣು ಜಾರುವ ಸದ್ದು ಕೇಳಿ ಮಕ್ಕಳನ್ನು ಎಳೆದುಕೊಂಡು ಓಡಿದ್ದು, ಎಲ್ಲವನ್ನೂ ಹೇಳಿದರು.

ಮೊಬೈಲಿನಲ್ಲೇ ಕಳಿಸಬಹುದಿತ್ತಲ್ಲ ಎಂದು ಕೇಳುತ್ತೀರಿ. ಕಳಿಸಿದೆವು. ಮೂವತ್ತು ಸೆಕೆಂಡಿನ ತುಣುಕು ಪರದೆಯ ಕೆಳಗಿನ ಒಂದು ಸಾಲಾಗಿ ಓಡಿ ಹೋಯಿತು. ಹೆಂಗಸಿನ ಮಾತು ಕ್ಯಾಮೆರಾದ ದೊಡ್ಡ ಫೈಲುಗಳಲ್ಲಿತ್ತು. ಆಗಿನ ನಮ್ಮ ಫೋನುಗಳಿಗೆ ಅದನ್ನು ತೆರೆಯುವ ಶಕ್ತಿಯೂ ಇರಲಿಲ್ಲ, ಜಾಗವೂ ಇರಲಿಲ್ಲ.

ಮರುದಿನ ಕೈಮರ ದಾಟಿ ಚಿಕ್ಕಮಗಳೂರಿಗೆ ಇಳಿದೆವು. ರಿಪೇರಿಯವರು ತಳದ ಸ್ಕ್ರೂ ಬಿಚ್ಚಿ ನೋಡಿ ನಕ್ಕರು.

“ನಿಮ್ಮ ಪುಣ್ಯ ಸಾರ್. ಇದು ಬಿಚ್ಚೋ ಕಾರ್ಡು.”

ಅವರು ಹೇಳಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಪರದೆ ಮೇಲೆ ಕಾಣುವ ಚಿತ್ರವನ್ನು ತಯಾರಿಸಿ ಕೊಡುವ ಚಿಪ್ಪು, ಅದಕ್ಕೆಂದೇ ಇರುವ ಮೆಮೊರಿ, ಇವೆರಡೂ ಇರುವ ಹಲಗೆಯೇ ಗ್ರಾಫಿಕ್ಸ್ ಕಾರ್ಡು. ಟೇಬಲ್ ಮೇಲಿಡುವ ಕಂಪ್ಯೂಟರಿನಲ್ಲಿ ಅದನ್ನು ಕಿತ್ತು ಬೇರೆ ಹಾಕುವುದು ಸುಲಭ. ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಆ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದು ಕೆಟ್ಟರೆ ಒಂದೋ ಇಡೀ ಬೋರ್ಡ್ ಬದಲಿಸಬೇಕು, ಇಲ್ಲವೇ ಚಿಪ್ಪನ್ನು ಬಿಸಿ ಮಾಡಿ ಎಬ್ಬಿಸಿ ಮತ್ತೆ ಕೂರಿಸಬೇಕು. ಎರಡನೆಯದಕ್ಕೆ ಗ್ಯಾರಂಟಿ ಇಲ್ಲ.

ಇದಕ್ಕೆ ಪರಿಹಾರವಾಗಿ 2004ರಲ್ಲಿ ಎನ್‌ವಿಡಿಯಾ ಕಂಪನಿ ಎಂಎಕ್ಸ್‌ಎಂ ಎಂಬ ಮಾದರಿ ತಂದಿತು. ಲ್ಯಾಪ್‌ಟಾಪಿನೊಳಗೆ ಮಲಗಿಸಿ ಕೂರಿಸುವ ಪುಟ್ಟ ಕಾರ್ಡು ಅದು. ಅಗಲ 82 ಮಿಲಿಮೀಟರ್, ಉದ್ದ 70 ಇಲ್ಲವೇ 105. ಎರಡು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ದಪ್ಪ ಗೇಮಿಂಗ್ ಲ್ಯಾಪ್‌ಟಾಪುಗಳು, ಇಂಜಿನಿಯರುಗಳ ವರ್ಕ್‌ಸ್ಟೇಷನ್‌ಗಳು ಇದನ್ನು ಬಳಸಿದವು. ನಮ್ಮ ಇಟ್ಟಿಗೆಯೂ ಆ ಜಾತಿಯದ್ದೇ.

“ಇದೇ ನಂಬರಿನ ಹಳೇ ಕಾರ್ಡು ಬೆಂಗಳೂರಿಂದ ಬಸ್ಸಿಗೆ ಹಾಕಿಸ್ತೀನಿ. ನಾಲ್ಕೂವರೆ ಸಾವಿರ, ಮೂರು ದಿನ” ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮಗೆ ಆಸೆ ಹುಟ್ಟಿತು. ಹೇಗೂ ಬದಲಿಸುತ್ತೇವೆ, ದೊಡ್ಡದನ್ನೇ ಹಾಕಿಸೋಣ, ಎಡಿಟಿಂಗ್ ಇನ್ನೂ ಬೇಗ ಆಗುತ್ತದೆ ಎಂದುಕೊಂಡೆವು. ರಾತ್ರಿ ಕೂತು ಮೊಬೈಲಿನಲ್ಲಿ ಹುಡುಕಿ, ಎರಡು ತಲೆಮಾರು ಹೊಸದಾದ ಕಾರ್ಡನ್ನು 11 ಸಾವಿರಕ್ಕೆ ಆರ್ಡರ್ ಮಾಡಿದೆವು. ರಿಪೇರಿಯವರು ಫೋನಿನಲ್ಲಿ “ಬೇಡ ಸಾರ್, ಕೂತ್ರೂ ಕೂರಬಹುದು, ಕೂರದೇನೂ ಇರಬಹುದು” ಅಂದರು. ಕೇಳಲಿಲ್ಲ. ಸಾಲ ಮಾಡಿ ದುಡ್ಡು ಹೊಂದಿಸಿದೆವು.

ಮಳೆಯಲ್ಲಿ ಪಾರ್ಸೆಲ್ ಬರಲು ಏಳು ದಿನ ಹಿಡಿಯಿತು. ಹಾಕಿ ಆನ್ ಮಾಡಿದರೆ ಕೀಂ ಕೀಂ ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ.

ಯಾಕೆ ಎಂಬುದನ್ನು ಆಮೇಲೆ ಕಲಿತೆವು. ಕಾರ್ಡಿನ ಅಳತೆ, ಪಿನ್ನು ಸರಿ ಇದ್ದ ಮಾತ್ರಕ್ಕೆ ಸಾಲದು. ಮೊದಲನೆಯದು ಶಾಖ. ಕಾರ್ಡಿನ ಬಿಸಿಯನ್ನು ಫ್ಯಾನಿಗೆ ಒಯ್ಯುವ ತಾಮ್ರದ ಕೊಳವೆಗಳನ್ನು ಒಂದೊಂದು ಮಾಡೆಲಿಗೆ ಒಂದೊಂದು ರೀತಿ ಬಗ್ಗಿಸಿರುತ್ತಾರೆ. ಹೊಸ ಚಿಪ್ಪಿನ ಎತ್ತರ ಸ್ವಲ್ಪ ಬೇರೆಯಾದರೂ ತಾಮ್ರ ತಾಗುವುದಿಲ್ಲ. ಎರಡನೆಯದು ಕರೆಂಟು. ಲ್ಯಾಪ್‌ಟಾಪಿನ ಅಡಾಪ್ಟರು ಇಷ್ಟೇ ವ್ಯಾಟ್ ಎಂದು ಲೆಕ್ಕ ಹಾಕಿ ಕೊಟ್ಟದ್ದು, ದೊಡ್ಡ ಕಾರ್ಡು ಅದಕ್ಕಿಂತ ಹೆಚ್ಚು ಕೇಳಬಹುದು. ಮೂರನೆಯದು ಬಯೋಸ್, ಅಂದರೆ ಆನ್ ಮಾಡಿದ ಕೂಡಲೇ ಓಡುವ ಮೂಲ ಪ್ರೋಗ್ರಾಂ. ತನಗೆ ಗುರುತಿಲ್ಲದ ಕಾರ್ಡನ್ನು ಅದು ಒಳಗೇ ಬಿಟ್ಟುಕೊಳ್ಳದೆ ಇರಬಹುದು. ನಮ್ಮಲ್ಲಿ ತಾಮ್ರವೂ ಸರಿಯಾಗಿ ತಾಗಲಿಲ್ಲ, ಬಯೋಸೂ ಒಪ್ಪಲಿಲ್ಲ.

ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಕೊನೆಗೆ ಅದೇ ನಾಲ್ಕೂವರೆ ಸಾವಿರದ ಹಳೇ ಕಾರ್ಡನ್ನೇ ತರಿಸಿದೆವು. ಹಾಕಿದ ಕೂಡಲೇ ಪರದೆ ಬಂತು. ಅಷ್ಟರಲ್ಲಿ ಹನ್ನೆರಡು ದಿನ ಕಳೆದಿತ್ತು.

ರಾತ್ರಿಯೆಲ್ಲ ಕೂತು ಐದು ನಿಮಿಷದ ವರದಿ ಮಾಡಿ ಕಳಿಸಿದೆವು. “ಹಳೇದಾಯ್ತಲ್ರೀ, ಈಗ ಬೇರೆ ಕಡೆ ಮಳೆ ಜೋರಿದೆ” ಎಂದು ಡೆಸ್ಕಿನವರು ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಮರುದಿನ ಆ ತೋಟಕ್ಕೆ ಹೋದೆವು. ಮಾಡಿನ ಮೇಲೆ ನೀಲಿ ಟಾರ್ಪಾಲು ಹೊದೆಸಿ ಎರಡು ಸಂಸಾರಗಳನ್ನು ಅದೇ ಲೈನಿಗೆ ವಾಪಸ್ ಕಳಿಸಿದ್ದರು. ಹಿಂದಿನ ಧರೆ ಹಾಗೇ ಇತ್ತು. ಇಪ್ಪತ್ತು ನಿಮಿಷ ಮಾತಾಡಿದ್ದ ಹೆಂಗಸಿನ ಸಂಸಾರ ಲೆಕ್ಕ ಮುಗಿಸಿ ಊರಿಗೆ ಹೊರಟುಹೋಗಿತ್ತು. ಪಕ್ಕದ ಮನೆಯವರು ಹೇಳಿದರು: “ಅಕ್ಕ ದಿನಾ ಕೇಳೋರು ಸಾರ್, ಟಿವಿಲಿ ಬಂತಾ ಅಂತ.”

ನಮಗೆ ಉತ್ತರ ಹೊಳೆಯಲಿಲ್ಲ. ಮೂರು ದಿನದಲ್ಲಿ ಮುಗಿಯುತ್ತಿದ್ದ ಕೆಲಸವನ್ನು ಹನ್ನೆರಡು ದಿನಕ್ಕೆ ಎಳೆದದ್ದು ಮಳೆಯಲ್ಲ, ಕಾರ್ಡಲ್ಲ, ನಮ್ಮ ಆಸೆ. ಮೂರನೇ ದಿನ ಕಳಿಸಿದ್ದರೆ ಪ್ರಸಾರ ಆಗುತ್ತಿತ್ತೋ ಇಲ್ಲವೋ, ಆದರೆ ಕೇಳುವ ಹಕ್ಕಾದರೂ ನಮಗಿರುತ್ತಿತ್ತು.

ಬದಲಿಸಬಹುದಾದ ಗ್ರಾಫಿಕ್ಸ್ ಕಾರ್ಡೆಂಬ ಆಸೆಗೆ ಬಿದ್ದವರು ನಾವಷ್ಟೇ ಅಲ್ಲ. 2019ರಲ್ಲಿ ಡೆಲ್ ಕಂಪನಿ ಏಲಿಯನ್‌ವೇರ್ ಏರಿಯಾ 51ಎಂ ಎಂಬ ದುಬಾರಿ ಲ್ಯಾಪ್‌ಟಾಪನ್ನು, ಮುಂದೆ ಅಪ್‌ಗ್ರೇಡ್ ಮಾಡಬಹುದು ಎಂಬ ಪ್ರಚಾರದೊಂದಿಗೆ ತಂದಿತು. ಮುಂದಿನ ತಲೆಮಾರಿನ ಕಾರ್ಡು ಅದಕ್ಕೆ ಹೊಂದುವುದಿಲ್ಲ ಎಂದು ದೂರಿ 2021ರಲ್ಲಿ ಅಮೆರಿಕದ ಗ್ರಾಹಕರೊಬ್ಬರು ಕೋರ್ಟಿಗೆ ಹೋದರು. ಇನ್ನೊಂದು ಕಡೆ, 2024ರಲ್ಲಿ ಗ್ರಾಹಕರ ಕೈ ಸೇರತೊಡಗಿದ ಫ್ರೇಮ್‌ವರ್ಕ್ 16 ಎಂಬ ಲ್ಯಾಪ್‌ಟಾಪಿನಲ್ಲಿ ಕಾರ್ಡು, ಅದರ ಫ್ಯಾನು ಎಲ್ಲ ಸೇರಿ ಒಂದೇ ಪೆಟ್ಟಿಗೆಯಾಗಿ ಹಿಂದಿನಿಂದ ಕಳಚಿ ಬರುತ್ತದೆ. 2025ರಲ್ಲಿ ಅದೇ ಲ್ಯಾಪ್‌ಟಾಪಿಗೆ ಕೂರುವ ಹೊಸ ಕಾರ್ಡನ್ನೂ ಕಂಪನಿ ತಂದಿತು. ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ.

ನಮ್ಮ ದೇಶದಲ್ಲೂ 2022ರ ಜುಲೈಯಲ್ಲೇ, ನಮ್ಮ ಪರದೆ ಕಪ್ಪಾದ ತಿಂಗಳಲ್ಲೇ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದು ಆರಿಸಿಕೊಂಡ ವಿಭಾಗಗಳಲ್ಲಿ ಕೃಷಿ ಯಂತ್ರಗಳೂ ಮೊಬೈಲುಗಳೂ ಇವೆ. ಪಲ್ಪರ್, ಪಂಪ್‌ಸೆಟ್ ಇಟ್ಟುಕೊಂಡವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ. ನಮ್ಮೂರ ಮೇಲೆ ಮಾಣಿಕ್ಯಧಾರಾಕ್ಕೆ ಓಡುವ ಹಳೇ ಜೀಪುಗಳು ಇವತ್ತೂ ಓಡುತ್ತಿರುವುದು ಹೊಸ ಇಂಜಿನ್ ಹಾಕಿಸಿ ವೇಗ ಹೆಚ್ಚಿಸಿಕೊಂಡದ್ದರಿಂದಲ್ಲ. ಕೆಟ್ಟ ಭಾಗವನ್ನು ಬಿಚ್ಚಿ, ಅದೇ ಭಾಗವನ್ನು ಹಾಕಲು ಆಗುವುದರಿಂದ. ಲ್ಯಾಪ್‌ಟಾಪಿಗೂ ಇದೇ ಮಾತು. ಬಿಚ್ಚುವ ಕಾರ್ಡಿನ ದೊಡ್ಡ ಉಪಯೋಗ ಅಪ್‌ಗ್ರೇಡ್ ಅಲ್ಲ, ರಿಪೇರಿ.

ಮಕ್ಕಳ ಡಿಗ್ರಿಗೆ ಲ್ಯಾಪ್‌ಟಾಪ್ ಕೊಳ್ಳುವವರು ನಮ್ಮನ್ನು ಕೇಳುತ್ತಿರುತ್ತಾರೆ. ನಾವು ಹೇಳುವುದು ಇಷ್ಟು. ಓದು, ಟೈಪಿಂಗ್, ಆನ್‌ಲೈನ್ ಕ್ಲಾಸು, ಸಣ್ಣಪುಟ್ಟ ವಿಡಿಯೊ ಕೆಲಸಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಡ, ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ‘ಮುಂದೆ ಕಾರ್ಡು ಬದಲಿಸಬಹುದು’ ಎಂದು ಅಂಗಡಿಯವರು ಹೇಳಿದರೆ ಯಾವ ಕಾರ್ಡು, ಯಾವ ನಂಬರು ಎಂದು ಬರೆಸಿಕೊಳ್ಳಿ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ರ್‍ಯಾಮ್ ಹಾಕಲು ಜಾಗ ಉಂಟೋ, ಎಸ್‌ಎಸ್‌ಡಿ ಬಿಚ್ಚಿ ಬದಲಿಸಬಹುದೋ ಎಂದು. ಮಳೆಗಾಲಕ್ಕೆ ಮುಂಚೆ ಫ್ಯಾನಿನ ಧೂಳು ತೆಗೆಸಿ. ಕೆಲಸ ಇಲ್ಲದಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಳವಿರುವ ಡಬ್ಬಿಯಲ್ಲಿಡಿ.

ನಮ್ಮ ಇಟ್ಟಿಗೆ ಇವತ್ತಿಗೂ ಓಡುತ್ತಿದೆ. ಈ ಬರಹ ಟೈಪ್ ಮಾಡಿದ್ದೂ ಅದರಲ್ಲೇ. 11 ಸಾವಿರದ ಕಾರ್ಡು ಕಪಾಟಿನಲ್ಲಿದೆ. ಆ ಒಂದು ಗಂಟೆಯ ವಿಡಿಯೊವನ್ನೂ ಅಳಿಸಿಲ್ಲ. ಆ ಅಕ್ಕ ಯಾವತ್ತಾದರೂ ಕಾಫಿ ಕೊಯ್ಲಿಗೆ ತಿರುಗಿ ಬಂದರೆ ಇದೇ ಪರದೆಯ ಮುಂದೆ ಕೂರಿಸಿ ತೋರಿಸಬೇಕು. ಟಿವಿಯಲ್ಲಿ ಯಾಕೆ ಬರಲಿಲ್ಲ ಎಂಬುದನ್ನೂ ಹೇಳಬೇಕು.